ಆಕ್ಟಿಯಾನನ ನಾಯಿಗಳು

ಫೆಬ್ರವರಿ ೧೧, ಮಂಗಳವಾರ. ಜಯಲಕ್ಷ್ಮಿಪುರಂ.

ತಿಂಗಳ ಮೇಲೆ ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದೆ. ನಮ್ಮ ನಾಯಿ ಕರಿಯ ನನ್ನನ್ನು ಗೇಟಿನೊಳಗೆ ಬಿಡಲೇ ಇಲ್ಲ.

ಹಲ್ಲು ತೋರಿಸಿ ಬೊಗಳಿದ. "ಸುಮ್ನಿರೋ, ಡ್ಯಾಡಿ ಕಣೋ!" ಎಂದು ಮಗಳು ಶರೋನ್ ಅವನ ಪಟ್ಟಿ ಹಿಡಿದೆಳೆದಳು. ಎಂದಿನಂತೆ ಹೆಸರು ಹಿಡಿದು ಕರೆಯಲು ಬಾಯಿ ತೆರೆದೆ. ಕುತ್ತಿಗೆಯ ತೂತಿನಿಂದ ಗಾಳಿ ಬಂತು, ಅಷ್ಟೆ. ಗಂಟಲಿನ ಗಡ್ಡೆಯ ಜೊತೆ ದನಿಯನ್ನೂ ತೆಗೆದಿದ್ದಾರೆ. ಆ ಕ್ಷಣಕ್ಕೆ ಮರೆತುಹೋಗಿತ್ತು.

ಇಷ್ಟು ವರ್ಷ ಕಾಲೇಜಿನಲ್ಲಿ ಗ್ರೀಕರ ಆಕ್ಟಿಯಾನನ ಕಥೆ ಪಾಠ ಮಾಡಿದವನು ನಾನು. ಸ್ನಾನ ಮಾಡುತ್ತಿದ್ದ ದೇವತೆಯನ್ನು ಕಂಡುಬಿಟ್ಟ ಬೇಟೆಗಾರ. ಅವಳು ಅವನನ್ನು ಜಿಂಕೆ ಮಾಡಿದಳು, ಅವನದೇ ನಾಯಿಗಳು ಸಿಗಿದುಹಾಕಿದವು. ನಾನು ನಿಮ್ಮ ಯಜಮಾನ ಎನ್ನಲು ಅವನಿಗೆ ದನಿ ಇರಲಿಲ್ಲ. "ನಾಯಿಗೆ ವಾಸ್ನೆ ಸಾಕಲ್ವಾ ಸಾರ್, ಮಾತ್ಯಾಕೆ?" ಎಂದು ಇಲವಾಲದ ಸಿಂಚನ ಒಮ್ಮೆ ಕೇಳಿದ್ದಳು. ಪುರಾಣವನ್ನು ಹಾಗೆಲ್ಲ ಕೇಳಬಾರದಮ್ಮ ಎಂದು ತರಗತಿಯನ್ನು ನಗಿಸಿದ್ದೆ. ಈಗ ನನ್ನ ಮೈಯೆಲ್ಲ ಡೆಟಾಲ್ ವಾಸನೆ.

ಸಂಜೆ ಶರೋನ್‌ಗೆ ಒಂದು ಉಪಾಯ ಹೊಳೆಯಿತು. ಹಿಂದೆಂದೋ ನಾನು ಕಳಿಸಿದ್ದ ವಾಯ್ಸ್ ಮೆಸೇಜನ್ನು ಫೋನಿನಲ್ಲಿ ಹಾಕಿದಳು. "ಬರ್ತಾ ಕರಿಯನ್ಗೆ ಒಂದ್ ಬನ್ ತಗೊಂಡ್ ಬಾಮ್ಮ."

ಕರಿಯ ಹಿತ್ತಲಿನಿಂದ ಓಡಿಬಂದ. ಬಾಲ ಅಲ್ಲಾಡಿಸುತ್ತ ಫೋನನ್ನು ನೆಕ್ಕಿದ, ಅದಕ್ಕೆ ಮೈ ತಾಗಿಸಿ ಮಲಗಿದ. ಪಕ್ಕದಲ್ಲೇ ಕೂತಿದ್ದ ನಾನು ಮೆಲ್ಲಗೆ ಕೈ ಚಾಚಿದೆ. ಎದ್ದು ಫೋನಿಗೆ ಅಡ್ಡ ನಿಂತು ಗುರ್ರೆಂದ.

ಒಳ್ಳೆಯ ನಾಯಿ. ತನ್ನ ಯಜಮಾನನನ್ನು ನನ್ನಿಂದ ಕಾಪಾಡುತ್ತಿದ್ದಾನೆ.