ಗಾಡಿಯ ಬೆನ್ನ ಮೇಲೆ ನಮ್ಮಣ್ಣ ಕೂರುವ ಜಾಗ

ಗೋದಾಮು, ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮಣ್ಣ ಮುರಳಿಯ ಕೆಲಸ ಏನು ಗೊತ್ತೇ? ತೂಕ. ತೂಕ ಹಾಕುವುದಲ್ಲ, ತೂಕವಾಗಿ ಕೂರುವುದು. ಶಿವಮೊಗ್ಗ–ಭದ್ರಾವತಿ ರಸ್ತೆಯ ಪಶು ಆಹಾರದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಮೂಟೆಗಳನ್ನು ಎತ್ತುವಾಗ ಅದರ ಹಿಂದಿನ ಗಾಲಿಗಳು ನೆಲ ಬಿಡುತ್ತವೆ. ಬಿಡದಿರಲಿ ಎಂದು ಇವನು ಗಾಡಿಯ ಬೆನ್ನ ಮೇಲೆ ಹತ್ತಿ ಕೂರುತ್ತಾನೆ. ಇದನ್ನು ನಿಲ್ಲಿಸಬೇಕಾದವರು ನೀವು.

ನಾನು ಫೋರ್ಕ್‌ಲಿಫ್ಟ್ ಫ್ಯಾನ್. ನಗಬೇಡಿ. ಗೆಳತಿಯರ ಡಿಪಿಯಲ್ಲಿ ಸಿನಿಮಾ ಹೀರೋ ಇದ್ದರೆ ನನ್ನದರಲ್ಲಿ ಹಳದಿ ಫೋರ್ಕ್‌ಲಿಫ್ಟ್ ಇದೆ. ಆಪರೇಟರ್‌ಗಳ ವಾಟ್ಸಾಪ್ ಗ್ರೂಪೊಂದರಲ್ಲಿ ಇಡೀ ದಿನ ಬಿದ್ದಿರುತ್ತೇನೆ, ಕಲಿತಿದ್ದೆಲ್ಲ ಅಲ್ಲೇ. ಅಣ್ಣ ತಾನು ಗಾಡಿಯ ಬೆನ್ನ ಮೇಲೆ ಕೂತಿರುವ ವಿಡಿಯೋ ಕಳಿಸಿದ್ದ, ಅದನ್ನು ಹೆಮ್ಮೆಯಿಂದ ಅಲ್ಲಿ ಹಾಕಿದೆ. ಹಾರ್ಟ್‌ಗಳು ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಯಾರದೋ ಕೂಗು: "ತಂಗಿ, ಮೊದ್ಲು ಅವ್ನನ್ನ ಕೆಳಗಿಳ್ಸು!" ಆಮೇಲೆ ಎಲ್ಲರೂ ಸೇರಿ ಬಿಡಿಸಿ ಹೇಳಿದರು. ಮೂಟೆ ಎತ್ತುವ ಮುಂದಿನ ಕಂಬವನ್ನು ವಾಲದಂತೆ ಹಿಡಿಯುವ ಸಿಲಿಂಡರಿನ ಸೀಲ್ ಸವೆದು ಆಯಿಲ್ ಸೋರುತ್ತಿದೆ. ಮೂಟೆ ಎತ್ತಿದಾಗ ಕಂಬ ತಾನೇ ಮುಂದಕ್ಕೆ ಬಾಗುತ್ತದೆ, ಗಾಡಿ ಮುಗ್ಗರಿಸುತ್ತದೆ. ಈ ಗಾಡಿ ತಿರುಗುವುದೇ ಹಿಂದಿನ ಗಾಲಿಗಳಿಂದ. ಅವು ಗಾಳಿಯಲ್ಲಿದ್ದರೆ ಸ್ಟಿಯರಿಂಗ್ ಯಾರ ಮಾತು ಕೇಳೀತು? ಸೀಲ್ ಬದಲಿಸಲು ಗಾಡಿ ನಿಲ್ಲಿಸಬೇಕು. ಅಣ್ಣನನ್ನು ಕೂರಿಸಲು ಏನನ್ನೂ ನಿಲ್ಲಿಸಬೇಕಾಗಿಲ್ಲ. ಎಂಥಾ ಅನುಕೂಲ!

ಇದನ್ನೆಲ್ಲ ಅವನಿಗೆ ಹೇಳಿದೆ. "ಡ್ರೈವರ್‌ಗಾದ್ರೆ ಲೈಸೆನ್ಸ್ ಬೇಕು ಕಣೇ, ನಂಗೆ ಮುದ್ದೆ ಸಾಕು" ಎಂದು ನಕ್ಕ. ಅಮ್ಮ ಇನ್ನೊಂದು ಮುದ್ದೆ ಹಾಕಿದಳು.

ನೀವು ಬರಲೇ ಇಲ್ಲ ಎನ್ನಲಾರೆ. ಬಂದಿದ್ದಿರಿ. ಅಂದು ಸೂಪರ್‌ವೈಸರ್ ಉಜ್ಜನಪ್ಪನವರು, "ಲೋ ಮುರಳಿ, ಸಾಹೇಬ್ರು ಹೋಗೋವರ್ಗೂ ಹೊರ್ಗಡೆ ಟೀ ಕುಡೀತಿರು" ಎಂದು ಅಣ್ಣನನ್ನು ಸಾಗಹಾಕಿದರು. ತೊಳೆದು ನಿಲ್ಲಿಸಿದ್ದ ಗಾಡಿಯ ಹಾರ್ನ್ ಒತ್ತಿಸಿದಿರಂತೆ, ಲೈಟ್ ಹಾಕಿಸಿದಿರಂತೆ, ತಲೆಯಾಡಿಸಿದಿರಂತೆ. ಖಾಲಿ ನಿಂತ ಗಾಡಿ ಎಂದಾದರೂ ಮುಗ್ಗರಿಸುತ್ತದೆಯೇ ಸ್ವಾಮಿ?

ಬೇರೆ ದಾರಿ ಕಾಣದೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಆಕ್ಸಿಡೆಂಟ್ ಆಗಿದ್ಯೇನಮ್ಮ?"

"ಇಲ್ಲ ಸರ್, ಇನ್ನೂ ಆಗಿಲ್ಲ."

"ಮತ್ತೆ ಏನಂತ ಬರ್ಕೊಳ್ಳಲಿ?"

ಆದ ಮೇಲೆ ಫೋನ್ ಮಾಡುತ್ತೇನೆ ಎನ್ನಬೇಕಿತ್ತೇ?

ಈಗ ಜ್ವರ ಬಂದು ಅಣ್ಣ ಸೊರಗಿದ್ದಾನೆ. ಗಾಲಿಗಳು ಅವನನ್ನೂ ಹೊತ್ತು ಮೇಲೇಳುತ್ತಿವೆ. "ನಿನ್ನೊಬ್ನ ತೂಕ ಸಾಲ್ತಿಲ್ಲ ಕಣೋ, ಮನೇಲಿ ಇನ್ಯಾರಿದಾರೆ?" ಎಂದು ಉಜ್ಜನಪ್ಪನವರು ಕೇಳಿದ್ದಾರೆ. ನಮ್ಮಪ್ಪ ಹುಲಿಯಪ್ಪ ಇದ್ದಾರೆ. ಅವರಿಗೆ ಬಹಳ ಕಾಲದಿಂದ ಕೆಲಸವಿಲ್ಲ. "ಕುಂತ್ಕಳೋ ಕೆಲ್ಸ ತಾನೇ, ನಾನೇ ಹೋಗ್ತೀನಿ ಬಿಡು" ಎಂದು ಖುಷಿಯಲ್ಲಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದರು. ಬೇಡ ಎಂದು ನಾನು ಅತ್ತರೆ ಅಮ್ಮ ಗದರಿದಳು: "ಅಪರೂಪಕ್ಕೆ ನಗ್ತಾ ಇದಾರೆ, ಸುಮ್ನಿರೇ ಮಾರಾಯ್ತಿ."

ದಂಡ ಹಾಕಿ ಎಂದು ಕೇಳುತ್ತಿಲ್ಲ. ಮೊದಲೇ ತಿಳಿಸದೆ ಬನ್ನಿ. ಬೆನ್ನ ಮೇಲೆ ಯಾರನ್ನೂ ಹತ್ತಿಸದೆ, ಮೂಟೆಗಳನ್ನು ನೆಲದಿಂದ ಒಂದು ಗೇಣು ಎತ್ತಿಸಿ, ಹಿಂದಿನ ಗಾಲಿ ನೋಡಿ. ಸೀಲ್ ಬದಲಾಗುವವರೆಗೆ ಆ ಗಾಡಿಯ ಕೀ ನಿಮ್ಮ ಬಳಿಯೇ ಇರಲಿ. ಸೋಮವಾರ ಅಪ್ಪ, ಅಣ್ಣ ಒಂದೇ ಬಸ್ಸಿಗೆ ಹೊರಡುತ್ತಾರೆ. ನೀವು ಅವರಿಗಿಂತ ಮುಂಚೆ ಅಲ್ಲಿರಬೇಕು.

ಇಂತಿ,
ಇಬ್ಬರಲ್ಲಿ ಒಬ್ಬರನ್ನೂ ತಡೆಯಲಾಗದ
ಶೀಲಾ, ಭದ್ರಾವತಿ