ಕನ್ನಡಿಗೆ ಪರೀಕ್ಷೆ, ತರಬೇತುದಾರನಿಗೆ ವಿನಾಯಿತಿ

ವ್ಯಾಯಾಮಶಾಲೆಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯಲ್ಲಿ ಮಂಚ, ಮೇಜು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಅದರ ಗೋಡೆಗೆ ನಿಮ್ಮ ಸಹಿ, ಮೊಹರು ಇರುವ ಕಾಗದವೊಂದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಆ ಕಾಗದವನ್ನು ನಂಬಿ ನಾನು ನನ್ನ ಬಲಭುಜವನ್ನು ಕಳೆದುಕೊಂಡೆ. ಭುಜ ಎಲ್ಲೂ ಹೋಗಿಲ್ಲ, ಮೈಗೆ ಅಂಟಿಕೊಂಡೇ ಇದೆ, ಅಂಗಿ ತೊಡಿಸುವ ಕೆಲಸವನ್ನು ದಿನಾ ಬೆಳಿಗ್ಗೆ ನನ್ನ ಹೆಂಡತಿಗೆ ಕೊಡುತ್ತಿದೆ. ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ನಾನು ವೃತ್ತಿಯಿಂದ ಕ್ಷೌರಿಕ. ಗಿರಾಕಿಗಳ ತಲೆಗಳು ದುರದೃಷ್ಟವಶಾತ್ ಎದೆಯ ಮಟ್ಟಕ್ಕಿಂತ ಮೇಲೆಯೇ ಇರುತ್ತವೆ. ಪೆನ್ನು ಹಿಡಿಯಲು ಕೈ ಎತ್ತಬೇಕಾಗಿಲ್ಲ ಎಂಬುದೊಂದೇ ಸಮಾಧಾನ. ಹಾಗಾಗಿ ಈ ಪತ್ರ.

ತಲೆ ಕೂದಲು ಕತ್ತರಿಸುವವನಿಗೆ ಜಿಮ್ ಯಾಕೆ ಬೇಕಿತ್ತು ಎಂದು ತಾವು ಕೇಳಬಹುದು. ಹಗಲೆಲ್ಲ ನಿಂತಲ್ಲೇ ನಿಂತು ಕೆಲಸ ಮಾಡುವವನು ನಾನು. ನಿಂತರೂ ಹೊಟ್ಟೆ ಬೆಳೆಯುತ್ತದೆ ಎಂಬ ಸತ್ಯ ನನಗೆ ತಡವಾಗಿ ಗೊತ್ತಾಯಿತು. ಸಕ್ಕರೆ ಕಾಯಿಲೆ ಬಾಗಿಲು ತಟ್ಟುತ್ತಿದೆ, ಸ್ವಲ್ಪ ಮೈ ಬಗ್ಗಿಸಿ ಎಂದರು ಡಾಕ್ಟರು. ನನ್ನ ಹೆಂಡತಿ ಅಷ್ಟು ಮೆತ್ತಗೆ ಹೇಳುವವಳಲ್ಲ. "ನೀವು ಕುರ್ಚಿ ಹತ್ರ ಬರೋಕೆ ಮುಂಚೆ ನಿಮ್ಮ ಹೊಟ್ಟೆ ಬಂದು ಗಿರಾಕಿನ ಮಾತಾಡಿಸುತ್ತೆ" ಅಂದಳು. ಮರುದಿನವೇ ಮೆಟ್ಟಿಲು ಹತ್ತಿದೆ.

ಮೇಲೆ ಕಪ್ಪು ರಬ್ಬರಿನ ನೆಲ, ಹೊಸ ಟೈರಿನ ವಾಸನೆ, ಗೋಡೆಯುದ್ದಕ್ಕೂ ಕನ್ನಡಿ. ನನ್ನ ಅಂಗಡಿಯಲ್ಲೂ ಕನ್ನಡಿಗಳಿವೆ, ಆದರೆ ಅವುಗಳ ಮುಂದೆ ನಿಂತು ಯಾರೂ ತಮ್ಮ ತೋಳಿಗೆ ತಾವೇ ಮುತ್ತಿಡುವುದನ್ನು ನಾನು ಕಂಡಿರಲಿಲ್ಲ. ಹಾಗೆ ಮುತ್ತಿಡುತ್ತಿದ್ದವನೇ ತರಬೇತುದಾರ. ಎಲ್ಲರೂ ಅವನನ್ನು 'ಕೋಚ್' ಎನ್ನುತ್ತಾರೆ. ಅವನ ಒಂದೊಂದು ತೋಳೂ ನನ್ನ ತೊಡೆಯಷ್ಟು ದಪ್ಪ. ನನ್ನ ಬಗ್ಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಟೀ ಶರ್ಟ್ ಸೈಜ್ ಎಷ್ಟು ಸಾರ್?"

ಮನೆಗೆ ಬಂದು ಹೇಳಿದರೆ ಮಗಳು ಮುಖ ಸಿಂಡರಿಸಿದಳು. "ಅಪ್ಪಾ, ಆ ಅಣ್ಣ ಮೊನ್ನೆ ಮೊನ್ನೆವರೆಗೂ ಟೈಲ್ಸ್ ಅಂಗಡೀಲಿ ಇದ್ದ. ನಮ್ಮ ಬಚ್ಚಲಿನ ಟೈಲ್ಸ್ ತೋರಿಸಿದ್ದೂ ಅವನೇ."

"ಇದ್ದರೆ ಇರಲಿ ಬಿಡು. ಆಮೇಲೆ ಕಲಿತಿರಬಹುದು. ತೋಳು ನೋಡಿದ್ದೀಯಾ ಅವನದು?"

"ತೋಳು ನೋಡಿ ಸೇರಿದ್ರಾ?" ಎಂದಳು ಹೆಂಡತಿ ಅಡುಗೆಮನೆಯಿಂದಲೇ. "ನಿಮ್ಮ ತಲೆ ನೋಡಿ ಯಾರಾದ್ರೂ ಅಂಗಡಿಗೆ ಬರ್ತಾರಾ?"

ಮಾನ್ಯರೇ, ನನ್ನ ತಲೆ ಪೂರ್ತಿ ಬೋಳು. ಹಾಗಿದ್ದೂ ಊರಿನ ಅರ್ಧ ತಲೆಗಳು ನನ್ನ ಕೈಯಲ್ಲೇ ತಿದ್ದಿಸಿಕೊಂಡಿವೆ. ತನ್ನ ಮೈ ಬೆಳೆಸಿಕೊಳ್ಳುವುದು ಬೇರೆ, ಇನ್ನೊಬ್ಬರ ಮೈ ತಿದ್ದುವುದು ಬೇರೆ ಎನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೂ ನಾನು ಗೆದ್ದವನ ಹಾಗೆ ಹೇಳಿದೆ: "ಗೋಡೆ ಮೇಲೆ ಸರ್ಕಾರದ್ದೇ ಕಾಗದ ಇದೆ ಕಣೇ. ಸುಮ್ಮನೆ ಕೊಡ್ತಾರಾ?"

ನಾನು ಹಾಗೆ ನಂಬಿದ್ದಕ್ಕೆ ಕಾರಣವಿದೆ. ಆ ಕಾರಣವೂ ನೀವೇ. ನನ್ನ ಅಂಗಡಿಯ ಗೋಡೆಯ ಮೇಲೂ ನಿಮ್ಮ ಕಚೇರಿಯದೇ ಕಾಗದವಿದೆ. ಅದನ್ನು ಪಡೆಯಲು ನಾನು ಪಟ್ಟ ಪಾಡು ನಾಯಿಯೂ ಪಟ್ಟಿರಲಾರದು. ಮೊದಲು ನೊರೆ ಹಚ್ಚಿದ ಬಲೂನಿಗೆ ಕ್ಷೌರ ಮಾಡಿಸಿದರು, ಒಡೆದರೆ ಮನೆಗೆ ಹೋಗಬೇಕು. ಒಡೆಯಲಿಲ್ಲ. ಆಮೇಲೆ ನಿಮ್ಮ ಕಚೇರಿಯ ಪರೀಕ್ಷಕರೇ ಕೊರಳಿಗೆ ಬಟ್ಟೆ ಸುತ್ತಿಕೊಂಡು, ಕಣ್ಣು ಮುಚ್ಚಿ, ನನ್ನ ಕತ್ತಿಗೆ ಗಲ್ಲ ಒಡ್ಡಿ ಕುಳಿತರು. ಅವರ ಗಂಟಲಮಣಿ ಹೆದರಿಕೆಯಿಂದ ಮೇಲೆ ಕೆಳಗೆ ಓಡಾಡುತ್ತಿತ್ತು, ಅದನ್ನು ತಪ್ಪಿಸಿ ತಪ್ಪಿಸಿ ಕತ್ತಿ ಆಡಿಸುವುದೇ ದೊಡ್ಡ ಪರೀಕ್ಷೆಯಾಗಿತ್ತು. ಗಾಯವಾದರೆ ಏನು ಮಾಡುತ್ತೀಯ, ಚರ್ಮದ ಕಾಯಿಲೆಯಿದ್ದವರು ಬಂದರೆ ಏನು ಮಾಡುತ್ತೀಯ ಎಂದು ಬೆವರಿಳಿಯುವಂತೆ ಕೇಳಿದರು. ಆಗ ಬೈದುಕೊಂಡೆ, ಆಮೇಲೆ ಹೆಮ್ಮೆಪಟ್ಟೆ. ಹಾಗಾಗಿ ನಿಮ್ಮ ಮೊಹರು ಬಿದ್ದ ಕಾಗದ ಗೋಡೆಯ ಮೇಲಿದ್ದರೆ ಅದರ ಕೆಳಗೆ ನಿಂತವನ ಕೈಯನ್ನು ಯಾರೋ ಪರೀಕ್ಷಿಸಿದ್ದಾರೆ ಎಂದೇ ನಾನು ತಿಳಿದಿದ್ದೆ. ಬೇರೆ ಕಸುಬಿನವರು ಈ ತಪ್ಪು ಮಾಡುತ್ತಿದ್ದರೋ ಇಲ್ಲವೋ, ಕ್ಷೌರಿಕನಂತೂ ಮಾಡಿಯೇ ಮಾಡುತ್ತಾನೆ.

ಮುಂದೇನಾಯಿತು ಎಂದು ಹೇಳುತ್ತೇನೆ. ಕತ್ತರಿ ಹಿಡಿದು ವರ್ಷಗಟ್ಟಲೆ ಎತ್ತಿಯೇ ಇದ್ದ ಭುಜ ನನ್ನದು, ಒಳಗೊಳಗೇ ಸವೆದಿತ್ತು. ಅದನ್ನು ಕೇಳುವವರಿದ್ದರೆ ಹೇಳುತ್ತಿದ್ದೆ. ಕೋಚ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಭಾರದ ಕಂಬಿಯನ್ನು ತಲೆಯ ಹಿಂದಿನಿಂದ ಕತ್ತಿನವರೆಗೆ ಇಳಿಸಿ ಮೇಲೆತ್ತಲು ಹೇಳಿದ. ಒಂದೆರಡು ದಿನ ಎತ್ತಿದೆ. ಭುಜದೊಳಗೆ ಬೆಂಕಿ ಇಟ್ಟಂತಾಯಿತು.

"ಕೋಚ್, ಇಲ್ಲಿ ಚಳುಕು ಹಿಡೀತಿದೆ."

"ಹಿಡೀಲಿ ಸಾರ್. ನೋವು ಬಂದ್ರೆ ಕೆಲಸ ಆಗ್ತಿದೆ ಅಂತ ಅರ್ಥ."

"ಇದು ಆ ಥರ ನೋವಲ್ಲ ಅನ್ಸುತ್ತೆ."

"ನೀವು ಜಾಸ್ತಿ ಯೋಚನೆ ಮಾಡ್ತೀರ ಸಾರ್. ಮೈಂಡ್ ಸ್ಟ್ರಾಂಗ್ ಮಾಡ್ಕೊಳ್ಳಿ" ಎಂದವನೇ ಇನ್ನೂ ಒಂದು ತಟ್ಟೆ ಭಾರ ಸೇರಿಸಿದ. ಕಂಬಿ ಅರ್ಧಕ್ಕೆ ನಿಂತಿತು. ಅವನು ಹಿಂದಿನಿಂದ ನನ್ನ ಮೊಣಕೈ ಹಿಡಿದು ಮೇಲಕ್ಕೆ ತಳ್ಳಿದ. ಒಳಗೆ ಹಸಿ ಬಟ್ಟೆ ಹರಿದಂಥ ಸದ್ದಾಯಿತು. ಆ ಸದ್ದು ನನಗೆ ಕೇಳಿಸಿದ್ದಕ್ಕಿಂತ ಹೆಚ್ಚಾಗಿ ಮೈಗೆ ಗೊತ್ತಾಯಿತು. ನಾನು ನೆಲದ ಮೇಲೆ ಕುಳಿತಿದ್ದಾಗ ಕೋಚ್ ತನ್ನ ಫೋನು ತೆಗೆದು, ಈಗ ಏನು ಮಾಡಬೇಕು ಎಂಬ ವಿಡಿಯೋ ಹುಡುಕುತ್ತಿದ್ದ. ಅವನ ಮುಖ ನನಗಿಂತ ಬಿಳಿಚಿಕೊಂಡಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಟೈಲ್ಸ್ ಮಾರುವವನನ್ನು ತಂದು ಮನುಷ್ಯರ ಬೆನ್ನುಮೂಳೆಗಳ ನಡುವೆ ನಿಲ್ಲಿಸಿದವರ ಮೇಲೆ ಬಂತು.

ಭುಜದ ಸ್ನಾಯು ಹರಿದಿದೆ ಎಂದರು ಮೂಳೆ ಡಾಕ್ಟರು. ಈಗ ನನಗೆ ವ್ಯಾಯಾಮ ಕಲಿಸುತ್ತಿರುವ ಫಿಸಿಯೋಥೆರಪಿಸ್ಟ್ ಮೇಡಂ ಮೊದಲ ದಿನ ನನ್ನ ಕೈಯನ್ನು ಮುಟ್ಟಲೇ ಇಲ್ಲ. ಬರೀ ಕೇಳಿದರು. ಏನು ಕೆಲಸ ಮಾಡುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ, ಹಿಂದೆ ಎಲ್ಲಾದರೂ ಬಿದ್ದಿದ್ದೀರಾ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ. ಆಮೇಲೆ ಕೇಳಿದರು, "ಜಿಮ್‌ನಲ್ಲಿ ಇದನ್ನೆಲ್ಲ ಕೇಳಿರ್ಬೇಕಲ್ವಾ?"

"ಟೀ ಶರ್ಟ್ ಸೈಜ್ ಕೇಳಿದ್ರು ಮೇಡಂ" ಎಂದೆ.

ಅವರು ನಗಲಿಲ್ಲ. ಓದಿಕೊಂಡ ತರಬೇತುದಾರ ಮೊದಲು ಕೇಳುತ್ತಾನೆ, ಆಮೇಲೆ ಹಗುರದಿಂದ ಶುರು ಮಾಡುತ್ತಾನೆ, ಬೇಡದ ಕಡೆ ನೋವು ಬಂದರೆ ನಿಲ್ಲಿಸುತ್ತಾನೆ, ತನಗೆ ತಿಳಿಯದ್ದಕ್ಕೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಾನೆ ಎಂದರು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಅಂಥವನಿಗೆ ಬೇಜಾರೂ ಆಗುವುದಿಲ್ಲವಂತೆ. ಇದೆಲ್ಲ ನನಗೆ ಗೊತ್ತಾದದ್ದು ಊರೆಲ್ಲ ಸೂರೆಯಾದ ಮೇಲೆ.

ಕೊನೆಗೆ ನಿಮ್ಮ ಕಚೇರಿಗೆ ಬಂದೆ. ಗಾಜಿನಲ್ಲಿ ಕೊರೆದಿರುವ ಆ ಕಿಂಡಿ ತೀರಾ ತಗ್ಗಿನಲ್ಲಿದೆ, ಬಾಗದೆ ಮಾತಾಡಲು ಆಗುವುದಿಲ್ಲ. ಬಂದವರೆಲ್ಲ ಬಾಗಲಿ ಎಂದೇ ಕೊರೆಸಿದ್ದೀರೋ ಏನೋ. ಒಳಗಿದ್ದ ಗುಮಾಸ್ತರು ಒಳ್ಳೆಯವರು, ತಾಳ್ಮೆಯಿಂದಲೇ ವಿವರಿಸಿದರು.

"ನೋಡಿ ಯಜಮಾನ್ರೇ, ಆ ಜಿಮ್‌ದು ಎಲ್ಲಾ ಸರಿಯಾಗಿದೆ. ಬೆಂಕಿ ಆರಿಸೋ ಸಿಲಿಂಡರ್ ಇದೆ. ಗಾಳಿ ಬೆಳಕು ಇದೆ. ಕನ್ನಡಿ ಗಟ್ಟಿಯಾಗಿ ಕೂರಿಸಿದ್ದಾರಾ ಅಂತ ನಮ್ಮವರೇ ಅಲ್ಲಾಡಿಸಿ ನೋಡಿದ್ದಾರೆ."

"ತರಬೇತಿ ಕೊಡೋನನ್ನ ಯಾರು ಅಲ್ಲಾಡಿಸಿ ನೋಡಿದ್ರು?"

"ಅದು ನಮಗೆ ಬರಲ್ಲ. ಪರವಾನಗಿ ಜಾಗಕ್ಕೆ. ಜಾಗ ಚೆನ್ನಾಗಿದೆ."

"ಮತ್ತೆ ನನ್ನ ಅಂಗಡಿಗೆ ಬಲೂನು ತರಿಸಿದ್ರಲ್ಲ ಸ್ವಾಮಿ?"

"ಅದು ಕತ್ತಿ ಅಲ್ವಾ. ಅಪಾಯ" ಎಂದರು.

ಮಾನ್ಯ ಅಧಿಕಾರಿಗಳೇ, ಈ ಜ್ಞಾನ ತಮ್ಮ ಕಚೇರಿಗೆ ಎಲ್ಲಿಂದ ಬಂತು? ಕೂದಲು ಕೆಟ್ಟರೆ ಬೆಳೆಯುತ್ತದೆ. ಗಲ್ಲ ಕುಯ್ದರೆ ವಾರದಲ್ಲಿ ಮಾಯುತ್ತದೆ. ಅದಕ್ಕೆ ಪರೀಕ್ಷೆಯ ಮೇಲೆ ಪರೀಕ್ಷೆ. ಭುಜ, ಸೊಂಟ, ಹೃದಯ ಇವು ಮಾತ್ರ ಯಾರ ಕೈಗೆ ಸಿಕ್ಕರೂ ನಡೆಯುತ್ತದೆ, ಅಲ್ಲವೇ? ಕನ್ನಡಿ ಬಿದ್ದು ಯಾರ ತಲೆಯೂ ಒಡೆಯಬಾರದೆಂಬ ತಮ್ಮ ಕಾಳಜಿಗೆ ನಾನು ಋಣಿ. ಆದರೆ ಆ ಕನ್ನಡಿಯ ಮುಂದೆ ನಿಂತವನು ಏನು ಮಾಡುತ್ತಿದ್ದಾನೆ ಎಂದು ಕನ್ನಡಿಯೊಳಗೆ ಒಮ್ಮೆ ಇಣುಕಿ ನೋಡಲು ತಮ್ಮವರಿಗೆ ಕಣ್ಣಿರಲಿಲ್ಲವೇ? ಕಾಗದ ಜಾಗಕ್ಕೆ ಎಂದು ತಮಗೆ ಗೊತ್ತು, ಗುಮಾಸ್ತರಿಗೆ ಗೊತ್ತು, ಜಿಮ್ಮಿನ ಮಾಲೀಕನಿಗೆ ಚೆನ್ನಾಗಿಯೇ ಗೊತ್ತು. ಅದಕ್ಕೇ ಅವನು ಅದನ್ನು ಬಾಗಿಲ ಬಳಿ ಹಾಕದೆ, ಕೋಚ್ ನಿಲ್ಲುವ ಜಾಗದ ನೆತ್ತಿಯ ಮೇಲೇ ಹಾಕಿದ್ದಾನೆ. ಗೊತ್ತಿಲ್ಲದಿರುವುದು ದುಡ್ಡು ಕೊಟ್ಟು ಮೈ ಒಪ್ಪಿಸುವ ನಮಗೆ ಮಾತ್ರ. ಈಗ ಅಲ್ಲಿ ರಕ್ತದೊತ್ತಡವಿರುವ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಾರೆ, ಹೆರಿಗೆಯಾಗಿ ಕೆಲವೇ ತಿಂಗಳಾದ ಪಕ್ಕದ ಬೀದಿಯ ಸೊಸೆ ಬರುತ್ತಾಳೆ. ಅವರೂ ಆ ಚೌಕಟ್ಟನ್ನು ನೋಡಿ ನೆಮ್ಮದಿಯಿಂದ ಭಾರ ಎತ್ತುತ್ತಿದ್ದಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಗೆ ಇದು ಪ್ರಾಣಸಂಕಟವೆಂಬುದೂ ಗೊತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ತರಬೇತಿ ಕೊಡುವವರು ಎಲ್ಲಿ, ಏನು ಕಲಿತಿದ್ದಾರೆ ಎಂಬುದನ್ನು ಪರಿಶೀಲಿಸದೆ ಯಾವ ಜಿಮ್ಮಿಗೂ ಪರವಾನಗಿ ಕೊಡಬೇಡಿ, ಕೊಟ್ಟಿರುವುದನ್ನು ನವೀಕರಿಸಲೂ ಬೇಡಿ. ಕಲಿಯದವರನ್ನು ಕಲಿಯಲು ಕಳಿಸಿ. ಕೋಚ್‌ನನ್ನೂ ಕಳಿಸಿ, ಅವನು ಇನ್ನೂ ಚಿಕ್ಕವನು, ಕಲಿತಾನು. ಅಲ್ಲಿಯವರೆಗೆ "ಈ ಕಾಗದ ಗೋಡೆಗಳಿಗೆ ಮಾತ್ರ, ಮನುಷ್ಯರಿಗೆ ಸಂಬಂಧವಿಲ್ಲ" ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅಷ್ಟು ಮಾನ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಿ.

ಇದೂ ಆಗದು ಎನ್ನುವುದಾದರೆ ತಾವು ಒಮ್ಮೆ ನನ್ನ ಅಂಗಡಿಗೆ ದಯಮಾಡಿಸಬೇಕು. ಬಲಗೈ ಇನ್ನು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಎಡಗೈಯಲ್ಲಿ ಕತ್ತಿ ಹಿಡಿಯಲು ಶುರು ಮಾಡಿದ್ದೇನೆ. ಅದು ನಡುಗುತ್ತದೆ. ಗಲ್ಲ ಎಲ್ಲಿ ಮುಗಿದು ಕಿವಿ ಎಲ್ಲಿ ಶುರುವಾಗುತ್ತದೆ ಎಂಬುದು ಅದಕ್ಕಿನ್ನೂ ತಿಳಿಯದು. ಹಳೆಯ ಗಿರಾಕಿಗಳು ಬಾಗಿಲವರೆಗೆ ಬಂದು, ಕೈ ನೋಡಿ, ಏನೋ ಕೆಲಸ ನೆನಪಾದವರಂತೆ ಹೋಗಿಬಿಡುತ್ತಾರೆ. ಅವರನ್ನು ನಾನು ತಪ್ಪು ತಿಳಿಯುವುದಿಲ್ಲ. ಆದರೆ ತಾವು ಹಾಗೆ ಹೋಗುವಂತಿಲ್ಲ. ಅಂಗಡಿ ಅದೇ ಇದೆ, ಗಾಳಿ ಬೆಳಕು ಚೆನ್ನಾಗಿದೆ, ಕುರ್ಚಿ ಗಟ್ಟಿಯಾಗಿದೆ. ಜಾಗದಲ್ಲಿ ಯಾವ ದೋಷವೂ ಇಲ್ಲ. ಬಂದು ಕುಳಿತುಕೊಳ್ಳಿ, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಳ್ಳಿ.

ಇಂತಿ,
ತಮಗೆ ಸಲಾಮು ಹೊಡೆಯಲು ಮನಸ್ಸಿದ್ದರೂ ಕೈ ಏಳದ
ಒಬ್ಬ ಪರವಾನಗಿದಾರ ಕ್ಷೌರಿಕ