ಉಡಿಯಲ್ಲಿ ಬಂದ ಸೀಡಿ

ಮುದ್ದೇಬಿಹಾಳ
೧೪ ಜನವರಿ ೨೦೦೪

ಸಿದ್ದಲಿಂಗ ಸರ್ ಅವರಿಗೆ, ಹೊಸ ಮನೆಯಿಂದ ಕಸ್ತೂರಿಯ ನಮಸ್ಕಾರ.

ನಿಮ್ಮ ಪತ್ರ ಬಂದು ಎಷ್ಟು ಖುಷಿಯಾಯಿತೆಂದರೆ, ಇವರನ್ನು ಅಡುಗೆಮನೆಗೆ ಕರೆದು ಎರಡು ಸಲ ಓದಿ ಹೇಳಿದೆ! ಮದುವೆ ಇಷ್ಟು ಚಂದ ಅಂತ ಯಾರೂ ಹೇಳಿರಲಿಲ್ಲ ಸರ್!

ಸಿಂದಗಿಯ ನಿಮ್ಮ ಕಂಪ್ಯೂಟರ್ ಸೆಂಟರಿನ ಲಿನಕ್ಸ್ ಯಂತ್ರದಲ್ಲಿ ನಿಮ್ಮ ಅಳಿಯ ಎಲ್ಲ ಪ್ಯಾಕೇಜುಗಳನ್ನೂ ಹೊಸ ವರ್ಷನ್‌ಗೆ ಏರಿಸಿದ ಮೇಲೆ ಅಡತಿ ಅಂಗಡಿಗಳು ರೈತರಿಗೆ ಕೊಡುವ ತೊಗರಿ ಮಾರಾಟದ ಪಟ್ಟಿ ಪ್ರಿಂಟಾಗುತ್ತಿಲ್ಲವಂತೆ. ಆಗುವುದಿಲ್ಲ. ನಾನು ಬರೆದ ಆ ಪ್ರೋಗ್ರಾಮಿಗೆ ಹಳೆಯ ವರ್ಷನ್ ಲೈಬ್ರರಿಯೇ, ಅಂದರೆ ಅದು ನಡೆಯಲು ಆಸರೆಯಾದ ಹಳೆಯ ಫೈಲುಗಳೇ ಬೇಕು. ಹೊಸದರ ಪಕ್ಕದಲ್ಲೇ ಹಳೆಯದನ್ನೂ ಇಡಬಹುದು, ಎರಡೂ ಜಗಳವಾಡುವುದಿಲ್ಲ. ಆದರೆ ಅದಿರುವ ಒಂದೇ ಸೀಡಿ ನನ್ನ ಟ್ರಂಕಿನಲ್ಲಿದೆ.

ನೆನಪಿದೆಯೇ? ಮದುವೆಗೆಂದು ನಾನು ಕೆಲಸ ಬಿಟ್ಟ ದಿನ ನಿಮ್ಮ ಮನೆಯವರು ಉಡಿ ತುಂಬುತ್ತಿದ್ದಾಗ ಅನುಭವದ ಸರ್ಟಿಫಿಕೇಟು ಕೇಳಿದೆ. "ರೊಟ್ಟಿ ಬಡಿಯಾಕ ಸರ್ಟಿಫಿಕೇಟ್ ಯಾಕ ಬೇಕವ್ವಾ?" ಎಂದು ಎಲ್ಲರೆದುರು ನಕ್ಕು, "ತಗೋ, ಈ ಹಳೇ ಕಸಾನೂ ಒಯ್ಯಿ" ಎಂದು ಉಡಿಯ ತೆಂಗಿನಕಾಯಿ ಮೇಲೆ ಆ ಸೀಡಿ ಎಸೆದಿರಿ.

ಉಡಿಗೆ ಹಾಕಿದ್ದನ್ನು ಮರಳಿ ಕೇಳುವ ಪದ್ಧತಿ ನಿಮ್ಮಲ್ಲಿದೆಯೇ ಎಂದು ನಮ್ಮ ಅತ್ತೆಯವರು ವಿಚಾರಿಸುತ್ತಿದ್ದಾರೆ! ಇರಲಿ, ಒಂದು ಕಾಪಿ ಮಾಡಿ ಕಳಿಸುತ್ತೇನೆ. ಮೊದಲು ಸರ್ಟಿಫಿಕೇಟು ಬರಲಿ, ಇಲ್ಲಿಯ ಕಾಲೇಜಿನ ಕೆಲಸಕ್ಕೆ ಬೇಕು. ಪ್ರೋಗ್ರಾಮು ಬರೆದವಳು ನಾನೇ ಎಂದು ಅದರಲ್ಲಿ ಸ್ಪಷ್ಟವಾಗಿರಲಿ.

ಅಲ್ಲಿಯತನಕ ಕಂಪ್ಯೂಟರು ಸುಮ್ಮನೇ ಕೂತಿರುತ್ತದಲ್ಲ, ನೀವು ರೊಟ್ಟಿ ಬಡಿಯುವುದನ್ನು ಕಲಿಯಿರಿ ಸರ್. ಅದಕ್ಕೆ ಸರ್ಟಿಫಿಕೇಟು ಬೇಡ!

ತೊಗರಿ ಹಂಗಾಮಿನ ಶುಭಾಶಯಗಳೊಂದಿಗೆ,
ಕಸ್ತೂರಿ